ದಾರಿಬದಿಯ ಕಲ್ಲುಗಳೂ ನಮ್ಮ ಪೂರ್ವಿಕರ ನೆನಪೂ

ಜೋರ್ಡನ್ ನದಿಯನ್ನು ದಾಟಿದ ಇಸ್ರಯೇಲರು ನದೀಗರ್ಭದಿಂದ ಹನ್ನೆರಡು ಕಲ್ಲುಗಳನ್ನು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದರೆಂದು ಯೆಹೋಶುವನ ಗ್ರಂಥದಲ್ಲಿ ಓದುತ್ತೇವೆ. ಮುಂದೊಂದು ದಿನ ಮಕ್ಕಳು ಈ ಕಲ್ಲುಗಳೇನೆಂದು ಕೇಳಿದರೆ ಹಿರಿಯರು ಉತ್ತರ ಹೇಳಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ನೆನಪಿಗಾಗಿ, ದೇವಾಲಯದ ರಸ್ತೆಯು ಹೆದ್ದಾರಿಯನ್ನು ಕೂಡುವಲ್ಲಿ ಒಂದು ಶಿಲಾಫಲಕವನ್ನು ನಿಲ್ಲಿಸಬೇಕೆಂದು ಯುವಕರು ಸೂಚಿಸಿದಾಗ ನಮಗೆ ನೆನಪಾದದ್ದು ಈ ಪ್ರಸಂಗವೇ. ಕಲ್ಲನ್ನು ನಿಲ್ಲಿಸುವುದು ಸುಲಭ. ಅದರ ಮೇಲೆ ಯಾರ ಹೆಸರನ್ನು ಬರೆಯಬೇಕೆಂದು ನಿರ್ಧರಿಸುವುದು ಸುಲಭವಲ್ಲ.

ಕಲ್ಲಿನಲ್ಲಿ ನೆನಪನ್ನು ಉಳಿಸುವುದು ಕನ್ನಡ ನಾಡಿಗೆ ಹೊಸತಲ್ಲ. ಊರಿಗಾಗಿ, ತುರುಗಳಿಗಾಗಿ ಪ್ರಾಣಕೊಟ್ಟವರಿಗೆ ನಮ್ಮ ಜನರು ವೀರಗಲ್ಲುಗಳನ್ನು ನೆಟ್ಟರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಾಸನವಂತೂ ಒಂದು ನಾಯಿಯ ಸ್ಮಾರಕ. ಗಂಗರಸ ಇಮ್ಮಡಿ ಬೂತುಗನು ಮಣಲೇರನೆಂಬ ವೀರನಿಗೆ ಕಾಳಿ ಎಂಬ ಬೇಟೆನಾಯಿಯನ್ನು ಕೊಟ್ಟನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳು ಕಳೆದರೂ ಆ ನಾಯಿಯ ಹೆಸರು ಅಳಿದಿಲ್ಲ.

ಇನ್ನು ಶ್ರೀರಂಗಪಟ್ಟಣಕ್ಕೆ ಬರೋಣ. ಅಲ್ಲಿ ಹೆಜ್ಜೆಹೆಜ್ಜೆಗೂ ಕಲ್ಲು, ಫಲಕಗಳು. ಕೋಟೆಯ ಗೋಡೆಯ ಬಳಿ 1907ರಲ್ಲಿ ಮೈಸೂರು ಸರ್ಕಾರವು ನಿಲ್ಲಿಸಿದ ಎತ್ತರದ ಶಿಲಾಸ್ತಂಭವಿದೆ. 1799ನೇ ಮೇ 4ರಂದು ನಡೆದ ಕಡೆಯ ದಾಳಿಯನ್ನೂ ಆ ಮುತ್ತಿಗೆಯಲ್ಲಿ ಮಡಿದ ಆಂಗ್ಲ ಅಧಿಕಾರಿಗಳನ್ನೂ ಅದು ಸ್ಮರಿಸುತ್ತದೆ. ಟಿಪ್ಪು ಸುಲ್ತಾನನ ದೇಹವು ದೊರೆತ ಸ್ಥಳದಲ್ಲಿ ಒಂದು ಚಿಕ್ಕ ಕಲ್ಲಿದೆ. ಸೆರೆಯಾಳಾಗಿ 1782ರಲ್ಲಿ ತೀರಿಕೊಂಡ ಕರ್ನಲ್ ಬೇಯ್ಲಿಯ ಹೆಸರನ್ನು ಒಂದು ಬಂದೀಖಾನೆ ಇಂದಿಗೂ ಹೊತ್ತಿದೆ. ಆದರೆ ಕೋಟೆಯನ್ನು ಕಾಯುತ್ತ ಸತ್ತ ಮೈಸೂರಿನ ಸಿಪಾಯಿಗಳ ಹೆಸರುಗಳು ಆ ಸ್ತಂಭದ ಮೇಲಿಲ್ಲ. ಅದೇ ಪಟ್ಟಣಕ್ಕೆ ಕಾಲ್ನಡಿಗೆಯಲ್ಲಿ ತರಲ್ಪಟ್ಟ ಕೆನರಾ ಸೀಮೆಯ ಕ್ರೈಸ್ತರ ಹೆಸರುಗಳೂ ಇಲ್ಲ.

1784ರ ವಿಭೂತಿ ಬುಧವಾರವನ್ನು ನಮ್ಮ ಹಿರಿಯರು ಮರೆಯಲಿಲ್ಲ. ಎರಡನೆಯ ಮೈಸೂರು ಯುದ್ಧದಲ್ಲಿ ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆತರಲಾಯಿತು. ಮುದುಕರೂ ಕೈಗೂಸುಗಳೂ ಆ ದಾರಿಯಲ್ಲಿ ಹಸಿವಿನಿಂದ, ರೋಗದಿಂದ ಬಿದ್ದರು. ಅವರ ಸಂಖ್ಯೆ 30,000 ಎಂದು ಬರೆದವರಿದ್ದಾರೆ. 60,000 ಎಂದವರೂ ಇದ್ದಾರೆ. ಇಷ್ಟು ಸಹಸ್ರ ಜನರ ಲೆಕ್ಕವೇ ನಿಶ್ಚಿತವಾಗಿ ಸಿಕ್ಕದಿರುವಾಗ ಹೆಸರುಗಳು ಸಿಕ್ಕುವುದೆಂತು? ಇದನ್ನು ನೆನೆಯುವುದು ಯಾರ ಮೇಲೂ ದ್ವೇಷ ಸಾಧಿಸುವುದಕ್ಕಾಗಿ ಅಲ್ಲ. ಅದೇ ಸುಲ್ತಾನನು 1791ರಲ್ಲಿ ಮರಾಠಾ ದಂಡಿನಿಂದ ಸೂರೆಯಾದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದನೆಂಬುದೂ ಇತಿಹಾಸವೇ. ನಾಲ್ಕು ಸಾಲಿನ ಫಲಕದಲ್ಲಿ ಇವೆರಡೂ ಹಿಡಿಯವು. ಆದರೆ ಮಕ್ಕಳಿಗೆ ಹೇಳುವ ಹಿರಿಯರು ಎರಡನ್ನೂ ಹೇಳಬೇಕು.

1799ರ ಬಳಿಕ ಬದುಕುಳಿದವರಲ್ಲಿ ಅನೇಕರು ಕರಾವಳಿಗೆ ಮರಳಿದರು. ಮೈಸೂರು ಸೀಮೆಯಲ್ಲಿ ಚದುರಿದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರು ಅಬ್ಬೆ ದ್ಯುಬುವಾ ಸ್ವಾಮಿಗಳು. ಅವರು ಈ ನೆಲದವರಂತೆ ಉಟ್ಟು, ಉಂಡು, ಜನರೊಡನೆ ಬಾಳಿದರು. ಸಿಡುಬಿನ ಕಾಟ ಹೆಚ್ಚಿದ್ದ ಕಾಲದಲ್ಲಿ ದಾಕು ಹಾಕಿಸುವ ಕಾರ್ಯಕ್ಕೆ ಮುಂದಾದರು. ಹಾಸನ ಸೀಮೆಯ ಸಾತಹಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯೊಂದನ್ನು ಕಟ್ಟಿದರು. 1823ರಲ್ಲಿ ಭಾರತವನ್ನು ಬಿಟ್ಟು, 1848ರಲ್ಲಿ ಪ್ಯಾರಿಸಿನಲ್ಲಿ ದೈವಾಧೀನರಾದರು. ಹಿಂದೂ ಜನರ ಆಚಾರಗಳನ್ನು ಕುರಿತ ಅವರ ಗ್ರಂಥವನ್ನು ಜಗತ್ತಿನ ವಿದ್ವಾಂಸರು ಓದಿದರು. ಆದರೆ ಅವರ ಕೈಯಿಂದ ಜ್ಞಾನಸ್ನಾನ ಪಡೆದ ರೈತರು, ದಾಕು ಹಾಕಿಸಿಕೊಳ್ಳಲು ಅಂಜುತ್ತ ತೋಳು ಚಾಚಿದ ತಾಯಂದಿರು ಯಾವ ಗ್ರಂಥದಲ್ಲಿಯೂ ಹೆಸರಿನಿಂದ ಕಾಣಿಸಿಕೊಳ್ಳುವುದಿಲ್ಲ.

ಇದನ್ನೆಲ್ಲ ಬರೆದುದಕ್ಕೆ ಕಾರಣವಿದೆ. ನಮ್ಮ ಫಲಕಕ್ಕೆಂದು ಸಿದ್ಧವಾದ ಮೊದಲ ಕರಡಿನಲ್ಲಿ ಧರ್ಮಾಧ್ಯಕ್ಷರ, ಗುರುಗಳ, ದಾನಿಗಳ ಹೆಸರುಗಳು ಮಾತ್ರ ಇದ್ದವು. ನಮ್ಮ ಹೆಸರೂ ಅದರಲ್ಲಿ ಸೇರಿತ್ತು. ಬಳಿಕ ದೇವಾಲಯದ ಕಪಾಟಿನಿಂದ ಜ್ಞಾನಸ್ನಾನದ ಹಾಗೂ ಮರಣದ ಮೊದಲ ದಾಖಲೆ ಪುಸ್ತಕಗಳನ್ನು ತೆಗೆದು ನೋಡಿದೆವು. ಹುಳು ತಿಂದ ಆ ಹಾಳೆಗಳಲ್ಲಿ ಕಲ್ಲುಕುಟಿಗರಿದ್ದಾರೆ, ಕೂಲಿಯವರಿದ್ದಾರೆ, ಹುಟ್ಟಿದ ದಿನವೇ ಜ್ಞಾನಸ್ನಾನ ಪಡೆದು ಅಂದೇ ತೀರಿಹೋದ ಶಿಶುಗಳಿದ್ದಾರೆ. ಈ ದೇವಾಲಯದ ಅಡಿಪಾಯಕ್ಕೆ ಕಲ್ಲು ಹೊತ್ತವರು ಇವರೇ. ಆ ಕರಡನ್ನು ನಾವು ಹಿಂದಕ್ಕೆ ತೆಗೆದುಕೊಂಡೆವು.

ಫಲಕದಲ್ಲಿ ಗುರುಗಳ ಹೆಸರುಗಳಿಗೆ ಬದಲಾಗಿ, ದಾಖಲೆಯ ಮೊದಲ ಪುಟದಲ್ಲಿರುವ ಕುಟುಂಬಗಳ ಹೆಸರುಗಳನ್ನು ಕೆತ್ತಿಸೋಣವೆಂಬುದು ನಮ್ಮ ವಿನಂತಿ. ದಾಖಲೆಯಲ್ಲಿ ಇಲ್ಲದ ಒಂದು ಮಾತೂ ಅದರಲ್ಲಿ ಸೇರಬಾರದು. 2023ರಲ್ಲಿ ಹೊಸ ಹೆದ್ದಾರಿಯಾದ ಮೇಲೆ ವಾಹನಗಳು ಶ್ರೀರಂಗಪಟ್ಟಣವನ್ನೂ ಬದಿಗಿಟ್ಟು ಧಾವಿಸುತ್ತಿವೆ; ನಮ್ಮ ಕಲ್ಲನ್ನು ಓದಲು ನಿಲ್ಲುವವರು ಎಷ್ಟು ಮಂದಿ? ಆದುದರಿಂದ ಕಲ್ಲೊಂದನ್ನೇ ನಂಬಿ ಕೂರುವಂತಿಲ್ಲ. ಮನೆಯಲ್ಲಿ ಹಿರಿಯರಿರುವವರು ಅವರ ನೆನಪಿನಲ್ಲಿರುವ ಹೆಸರುಗಳನ್ನು ಮಕ್ಕಳ ಕೈಯಿಂದ ಬರೆಯಿಸಿ, ಬರುವ ಸಕಲ ಮೃತರ ದಿನಕ್ಕೆ ಮುಂಚೆ ಗುರುಮನೆಗೆ ತಲುಪಿಸಬೇಕು. ಅಂದಿನ ದಿವ್ಯ ಬಲಿಪೂಜೆಯಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ಓದಿ, ಅವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತೇವೆ.