ಕತ್ತರಿಗೆ ಮೊದಲು ಪಟ್ಟಿ

ಇಂದು ಗಣಕಯಂತ್ರದಲ್ಲಿ ವಿಡಿಯೋ ಸಂಕಲನ ಮಾಡುವವರು ತಮ್ಮ ತುಣುಕುಗಳನ್ನು ವಿಂಗಡಿಸಿಡುವ ಜಾಗಕ್ಕೆ ‘ಬಿನ್’ ಎನ್ನುತ್ತಾರೆ. ಈ ಹೆಸರು ಬಂದದ್ದು ಹಿಂದಿನ ಸಂಕಲನ ಕೊಠಡಿಯಲ್ಲಿದ್ದ ನಿಜವಾದ ಡಬ್ಬದಿಂದ. ಅದರ ಮೇಲೆ ಸಾಲಾಗಿ ಮೊಳೆಗಳಿದ್ದ ಅಡ್ಡಪಟ್ಟಿ. ಕತ್ತರಿಸಿದ ಫಿಲ್ಮಿನ ತುಂಡುಗಳನ್ನು ಅಂಚಿನ ರಂಧ್ರದಿಂದ ಮೊಳೆಗೆ ಸಿಕ್ಕಿಸಿ ಇಳಿಬಿಡುತ್ತಿದ್ದರು. ಗೀರು ಬೀಳದಿರಲೆಂದು ಡಬ್ಬದ ಒಳಗೆ ಬಟ್ಟೆಯ ಹೊದಿಕೆ.

ಸಂಕಲನವೆಂದರೆ ಕತ್ತರಿಸಿ ಅಂಟಿಸುವುದೆಂದು ನಾವು ತಿಳಿಯುತ್ತೇವೆ. ಅದರ ಇತಿಹಾಸ ನೋಡಿದರೆ, ಪಟ್ಟಿ ಮಾಡುವ, ಹೆಸರಿಡುವ, ಕೇಳಿದಾಗ ಹುಡುಕಿಕೊಡುವ ಕೆಲಸವೂ ಅಷ್ಟೇ ದೊಡ್ಡದು. ಕಡತಗಳ ನಡುವೆ ದಿನ ಕಳೆಯುವ ನನ್ನಂಥ ಗುಮಾಸ್ತರಿಗೆ ಇದು ಅಪರಿಚಿತವಲ್ಲ.

ಲೆಕ್ಕ ನೋಡಿ. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮುಗಳು. ಸೆಕೆಂಡಿಗೆ 24ರಂತೆ ಓಡಿದರೆ ನಿಮಿಷಕ್ಕೆ 90 ಅಡಿ. 1979ರ ಅಮೆರಿಕನ್ ಚಿತ್ರ ‘ಅಪೋಕಲಿಪ್ಸ್ ನೌ’ಗಾಗಿ ಸುಮಾರು 12.5 ಲಕ್ಷ ಅಡಿ, ಅಂದರೆ 230 ಗಂಟೆಗೂ ಮೀರಿ ಚಿತ್ರೀಕರಣ ನಡೆದಿತ್ತು. ತೆರೆಗೆ ಬಂದದ್ದು ಸುಮಾರು ಎರಡೂವರೆ ಗಂಟೆ.

ಇಂಥ ರಾಶಿಯಲ್ಲಿ ದಾರಿ ತೋರಿಸುತ್ತಿದ್ದುದು ಅಂಕಿಗಳು. ಕ್ಲ್ಯಾಪ್ ಹಲಗೆಯ ಮೇಲೆ ದೃಶ್ಯದ ಮತ್ತು ಟೇಕಿನ ಸಂಖ್ಯೆ. ಅದರ ಸದ್ದಿನಿಂದ ಧ್ವನಿಗೂ ಚಿತ್ರಕ್ಕೂ ಹೊಂದಾಣಿಕೆ. ನೆಗೆಟಿವ್‌ನ ಅಂಚಿನಲ್ಲಿ ತಯಾರಕರೇ ಅಡಿಗೊಂದರಂತೆ ಅಚ್ಚಿಡುತ್ತಿದ್ದ ಸಂಖ್ಯೆ. ಸಂಕಲನಕಾರ ಕತ್ತರಿಯಾಡಿಸುತ್ತಿದ್ದುದು ಮೂಲದ ಮೇಲಲ್ಲ, ಅದರಿಂದ ತೆಗೆದ ಪ್ರತಿಯ ಮೇಲೆ. ಅಂಚಿನ ಸಂಖ್ಯೆ ಪ್ರತಿಯಲ್ಲೂ ಮೂಡುತ್ತಿದ್ದುದರಿಂದ, ಕೊನೆಗೆ ಅದನ್ನು ನೋಡಿಯೇ ಮೂಲ ನೆಗೆಟಿವ್ ಕತ್ತರಿಸುತ್ತಿದ್ದರು.

ವಿಡಿಯೋ ಟೇಪಿಗೆ ಇಂಥ ಅಂಚಿನ ಸಂಖ್ಯೆ ಇರಲಿಲ್ಲ. 1960ರ ದಶಕದ ಕೊನೆಗೆ ಬಂದ ಟೈಮ್‌ಕೋಡ್ ಆ ಕೊರತೆಯನ್ನು ತುಂಬಿತು: ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂದು 8 ಅಂಕಿಗಳ ವಿಳಾಸ. 1971ರ ಸಿಎಂಎಕ್ಸ್ 600 ಎಂಬ ಯಂತ್ರ ಬೇಕಾದ ತುಣುಕನ್ನು ಡಿಸ್ಕಿನಿಂದ ನೇರವಾಗಿ ತೆಗೆದು ತೋರಿಸಿತು; ಆದರೆ ಅದರಲ್ಲಿ ಹಿಡಿಸುತ್ತಿದ್ದುದು ಅರ್ಧ ಗಂಟೆಯಷ್ಟು ಕಪ್ಪುಬಿಳುಪು ಚಿತ್ರ. 1989ರಲ್ಲಿ ಆವಿಡ್ ಬಂದಿತು. ಗಣಕದಲ್ಲಿ ಸಂಕಲನಗೊಂಡು, ಸಂಕಲನಕ್ಕಾಗಿಯೇ ಆಸ್ಕರ್ ಪಡೆದ ಮೊದಲ ಚಿತ್ರ 1996ರ ‘ದಿ ಇಂಗ್ಲಿಷ್ ಪೇಷೆಂಟ್’. ಅದರ ಸಂಕಲನಕಾರ ವಾಲ್ಟರ್ ಮರ್ಚ್ ‘ಅಪೋಕಲಿಪ್ಸ್ ನೌ’ ಸಂಕಲನದಲ್ಲೂ ದುಡಿದವರು.

ಯಂತ್ರ ಬದಲಾದರೂ ಕ್ರಮ ಬದಲಾಗಲಿಲ್ಲ. ಇಂದಿನ ಬಿನ್ನಿನಲ್ಲಿರುವುದು ಸಾಮಾನ್ಯವಾಗಿ ಚಿತ್ರವಲ್ಲ, ಅದು ಎಲ್ಲಿದೆಯೆಂಬ ವಿಳಾಸ. ಮೂಲ ಫೈಲಿನ ಜಾಗವನ್ನೋ ಹೆಸರನ್ನೋ ಬದಲಿಸಿದರೆ ಕೊಂಡಿ ಕಳಚುತ್ತದೆ. ಚಿತ್ರದ ಬದಲು ಎಚ್ಚರಿಕೆಯ ಸಾಲು ಕಾಣುತ್ತದೆ. ಆದ್ದರಿಂದಲೇ ಅನುಭವಿಗಳು ಚಿತ್ರ, ಧ್ವನಿ, ಸಂಗೀತ, ಶೀರ್ಷಿಕೆಗಳಿಗೆ ಬೇರೆ ಬೇರೆ ಫೋಲ್ಡರು ಮಾಡಿ, ಮೂಲದ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಟ್ಟು, ಆಮೇಲೆ ಕೆಲಸಕ್ಕೆ ಕೂರುತ್ತಾರೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗುವ ಹೊತ್ತಿಗೆ, 1964ಕ್ಕೆ, 30 ವರ್ಷ ಕಳೆದಿತ್ತು. ಆ ಚಿತ್ರದ ಪ್ರತಿ ನಮಗೆ ಉಳಿದಿಲ್ಲ. ಇಂದು ಉಳಿಸುವ ಸಾಧನ ನಮ್ಮ ಕೈಯಲ್ಲೇ ಇದೆ. ಆದರೂ ಹೊರನಾಡ ಸಂಘಗಳ ಎಷ್ಟೋ ರಾಜ್ಯೋತ್ಸವ, ನಾಟಕ, ಹಿರಿಯರ ಭಾಷಣಗಳು ಕ್ಯಾಮೆರಾ ಕೊಟ್ಟ ಅಂಕಿಯ ಹೆಸರಿನಲ್ಲೇ ಯಾರದೋ ಫೋನಿನಲ್ಲಿ ಬಿದ್ದಿರುತ್ತವೆ. ಸಮಾರಂಭ ಮುಗಿದ ವಾರದೊಳಗೆ ತಾರೀಖು, ಸಂದರ್ಭ, ವೇದಿಕೆಯಲ್ಲಿದ್ದವರ ಹೆಸರು ಇಷ್ಟನ್ನಾದರೂ ಬರೆದು, ಎರಡು ಕಡೆ ಇಡಲು ಒಬ್ಬರನ್ನು ನೇಮಿಸುವುದು ಯಾವ ಸಂಘಕ್ಕೂ ಭಾರವಾಗದು.