ಘಟ್ಟವನ್ನೇರಿದ ಇಂಧನಗಳು

ಮಡಿಕೇರಿಯಿಂದ ಹತ್ತು ಕಿಲೋಮೀಟರಿನೊಳಗೇ ಇರುವ ಗಾಳಿಬೀಡು, ಕಾಫಿಯ ತೋಟಗಳು ವಿರಳವಾಗುತ್ತ ಬಂದು ದಟ್ಟಾರಣ್ಯವೂ ಹುಲ್ಲುಬೆಟ್ಟಗಳೂ ತೊಡಗುವ ಸಹ್ಯಾದ್ರಿಯ ಅಂಚಿನಲ್ಲಿ ನೆಲಸಿದ ಊರು. ಒಂದು ಕಡೆಗೆ ಕೊಡಗು ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ, ಇನ್ನೊಂದು ಕಡೆಗೆ ಪುಷ್ಪಗಿರಿಯ ಸೀಮೆಯ ಕಾಡು. ಆ ಕಾಡಿನೊಳಗಿಂದ ಕಡಮಕಲ್ಲಿನ ಮೂಲಕ ಸುಬ್ರಹ್ಮಣ್ಯಕ್ಕೆ ಇಳಿಯುವ ಮಾರ್ಗವು ಸರ್ವಋತು ರಸ್ತೆಯಾಗಬೇಕೆಂಬುದು ಎರಡು ಮಗ್ಗುಲಿನ ಜನರ ಬಹುಕಾಲದ ಬೇಡಿಕೆ. ಇದೇ ಸೀಮೆಯ ಮಾಂದಲಪಟ್ಟಿಯ ಬೆಟ್ಟವು, 2008ರಲ್ಲಿ ತೆರೆಕಂಡ ‘ಗಾಳಿಪಟ’ ಚಲನಚಿತ್ರದ ತರುವಾಯ ನಾಡಿಗೆಲ್ಲ ಪರಿಚಿತವಾಗಿ, ಅಲ್ಲಿಗೆ ಪ್ರವಾಸಿಗಳನ್ನೇರಿಸಿಕೊಂಡು ಹೋಗುವ ಬಾಡಿಗೆ ಜೀಪುಗಳ ಒಂದು ವೃತ್ತಿಯೇ ಬೆಳೆದು ನಿಂತಿದೆ. ನಗರದ ಟ್ಯಾಕ್ಸಿಗಳು ಪೆಟ್ರೋಲು ಡೀಸೆಲುಗಳನ್ನು ತೊರೆದು ಯಾವ ಇಂಧನವನ್ನು ಆಶ್ರಯಿಸಬೇಕೆಂಬ ವಿಚಾರವು ಇಂದು ರಾಜಧಾನಿಗಳಲ್ಲಿ ನಡೆಯುತ್ತಿರುವಾಗ, ಆ ಪ್ರಶ್ನೆಯನ್ನು ಈ ಏರುದಾರಿಯ ಮೇಲಿಟ್ಟು ನೋಡುವುದು ಲಾಭದಾಯಕವೆಂದು ನನ್ನ ನಂಬಿಕೆ. ಸಮತಲದಲ್ಲಿ ಮರೆಯಾಗಿರುವ ಇಂಧನದ ದೋಷಗುಣಗಳು ಘಟ್ಟದಲ್ಲಿ ಬಯಲಾಗುತ್ತವೆ. ಕೊಡಗಿನ ದಾರಿಗಳಾದರೋ ಒಂದು ಶತಮಾನದಿಂದ ಈ ಪರೀಕ್ಷೆಯನ್ನು ನಡೆಸುತ್ತಲೇ ಬಂದಿವೆ.

ಮೋಟಾರು ಬರುವುದಕ್ಕೆ ಮುನ್ನ ಈ ನಾಡಿನ ಬಾಡಿಗೆಯ ವಾಹನವೆಂದರೆ ಎತ್ತಿನ ಗಾಡಿ. 1834ರಲ್ಲಿ ಕೊಡಗಿನ ಅರಸನಾದ ಚಿಕ್ಕವೀರರಾಜೇಂದ್ರನ ರಾಜ್ಯವು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಮೈಸೂರು, ಮಡಿಕೇರಿ, ಸಂಪಾಜೆ, ಮಂಗಳೂರುಗಳನ್ನು ಜೋಡಿಸುವ ಮಾರ್ಗಕ್ಕೆ ಹೊಸ ಪ್ರಾಶಸ್ತ್ಯವುಂಟಾಯಿತು. 1854ರಲ್ಲಿ ಮಡಿಕೇರಿಯ ಸಮೀಪದಲ್ಲಿ ಐರೋಪ್ಯರ ಮೊದಲ ಕಾಫಿ ತೋಟವು ಆರಂಭವಾದ ಬಳಿಕವಂತೂ ಕಾಫಿಯ ಮೂಟೆಗಳನ್ನು ಕರಾವಳಿಗೆ ಇಳಿಸುವ, ಉಪ್ಪು ಅಕ್ಕಿಗಳನ್ನು ಮೇಲಕ್ಕೇರಿಸುವ ಗಾಡಿಗಳ ಸಾಲು ವರ್ಷದ ಒಣ ತಿಂಗಳುಗಳಲ್ಲೆಲ್ಲ ಕಾಣತೊಡಗಿತು. ಆ ಗಾಡಿಯ ಇಂಧನವು ಹುಲ್ಲು, ಹುರುಳಿ, ಹಿಂಡಿ. ಅದು ಬೆಳೆಯುತ್ತಿದ್ದುದು ದಾರಿಯ ಆಚೀಚೆಯ ನೆಲದಲ್ಲೇ. ಅದರ ಬೆಲೆಯನ್ನು ತೆರುತ್ತಿದ್ದುದು ಏರಿನಲ್ಲಿ ನೊಗಕ್ಕೆ ಕೊರಳೊಡ್ಡಿ ಏದುಸಿರುಬಿಡುತ್ತಿದ್ದ ಮೂಕಪ್ರಾಣಿ. ಹಳೆಯ ಕಾಲದ ಸಂಚಾರವು ನಿರ್ಮಲವಾಗಿತ್ತೆಂದು ಹೊಗಳುವವರು ಈ ಎರಡನೆಯ ಮಾತನ್ನು ಮರೆಯಬಾರದು.

ಕರಾವಳಿಯಲ್ಲಿ 1914ರಲ್ಲಿ ಮಂಗಳೂರು ಬಂಟ್ವಾಳಗಳ ನಡುವೆ ಮೋಟಾರು ಬಸ್ಸಿನ ಸಂಚಾರವು ಆರಂಭವಾಯಿತು; ಮುಂದಿನ ಎರಡು ದಶಕಗಳಲ್ಲಿ ಬಾಡಿಗೆ ಕಾರು ಮತ್ತು ಬಸ್ಸುಗಳು ಘಟ್ಟದ ಮೇಲಣ ಊರುಗಳನ್ನೂ ಮುಟ್ಟಿದವು. ರೈಲುಮಾರ್ಗವಿರುವ ಜಿಲ್ಲೆಗಳಲ್ಲಿ ಮೋಟಾರು ಒಂದು ಅನುಕೂಲವಾಗಿ ಬಂದಿತು; ಅಂದಿಗೂ ಇಂದಿಗೂ ರೈಲು ಕಾಣದ ಕೊಡಗಿನಲ್ಲಿ ಅದು ಕೆಲವೇ ವರ್ಷಗಳಲ್ಲಿ ಅನಿವಾರ್ಯವಾಯಿತು. ಈ ಮೋಟಾರಿನ ಜೀವಾಳವಾದ ಪೆಟ್ರೋಲು ಮಾತ್ರ ಸಮುದ್ರದಾಚೆಯಿಂದ ಬರಬೇಕಾಗಿದ್ದಿತು. ಅಸ್ಸಾಮಿನ ದಿಗ್ಬೋಯಿಯಲ್ಲಿ ಅಲ್ಪಸ್ವಲ್ಪ ತೈಲ ದೊರೆಯುತ್ತಿದ್ದರೂ ದೇಶದ ಬಳಕೆಯ ದೊಡ್ಡದೊಂದು ಭಾಗವು ಬರ್ಮಾದಿಂದ ಹಡಗೇರಿ ಬರುತ್ತಿತ್ತು. ದಾರಿಯ ಪಕ್ಕದ ಹುಲ್ಲಿನಿಂದ ನಡೆಯುತ್ತಿದ್ದ ಸಂಚಾರವು, ಜನರ ಅರಿವಿಗೆ ಬಾರದಂತೆಯೇ, ಸಾವಿರ ಮೈಲಿಯಾಚೆಯ ಬಾವಿಗಳಿಗೆ ಕಟ್ಟುಬಿದ್ದಿತು.

ಈ ಕಟ್ಟಿನ ಅರ್ಥವು ಎರಡನೆಯ ಮಹಾಯುದ್ಧದ ಕಾಲದಲ್ಲಿ ತಿಳಿಯಬಂದಿತು. 1941ರಲ್ಲಿ ಪೆಟ್ರೋಲಿಗೆ ಪಡಿತರದ ಕಟ್ಟುಪಾಡು ಬಂದಿತು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ಕೈವಶವಾದ ಬಳಿಕ, ಹಿಮ್ಮೆಟ್ಟುತ್ತಿದ್ದ ಬ್ರಿಟಿಷರು ಬರ್ಮಾದ ತೈಲದ ಬಾವಿಗಳನ್ನು ತಮ್ಮ ಕೈಯಿಂದಲೇ ಹಾಳುಗೆಡವಿದರು. ದೊರೆತ ಪೆಟ್ರೋಲು ಸೈನ್ಯಕ್ಕೆ ಮೀಸಲಾಯಿತು. ಆಗ ದಕ್ಷಿಣ ದೇಶದ ಬಸ್ಸು ಲಾರಿಗಳನ್ನೂ ಬಾಡಿಗೆ ಕಾರುಗಳನ್ನೂ ಓಡಿಸಲು ಒದಗಿ ಬಂದದ್ದು ಇದ್ದಿಲಿನ ಅನಿಲ. ಯೂರೋಪಿನಲ್ಲಿ ಆಲ್ಸೇಸಿನ ಜಾರ್ಜ್ ಇಂಬರ್ಟನು 1920ರ ದಶಕದಲ್ಲಿ ಕಟ್ಟಿಗೆಯಿಂದ ಅನಿಲವನ್ನು ಪಡೆಯುವ ಯಂತ್ರವೊಂದನ್ನು ಸಿದ್ಧಪಡಿಸಿದ್ದನು. ಯುದ್ಧಕಾಲದಲ್ಲಿ ಸ್ವೀಡನ್, ಜರ್ಮನಿ, ಫ್ರಾನ್ಸುಗಳಲ್ಲಿ ಇಂತಹ ವಾಹನಗಳು ಲಕ್ಷಗಟ್ಟಲೆ ಓಡಾಡಿದವು. ತೈಲವಿಲ್ಲದ ಮೋಟಾರೆಂಬುದು ನಮ್ಮ ಕಾಲದ ಆವಿಷ್ಕಾರವೆಂದು ಭಾವಿಸುವವರು ಈ ಅಧ್ಯಾಯವನ್ನು ಓದಬೇಕು.

ಆ ಯಂತ್ರದ ರಚನೆಯು ಸರಳ. ಬಸ್ಸಿನ ಹಿಂಬದಿಗೋ ಪಕ್ಕಕ್ಕೋ ಆಳೆತ್ತರದ ಉಕ್ಕಿನ ಉರುಳೆಯೊಂದನ್ನು ಬಿಗಿದಿರುತ್ತಿದ್ದರು. ಮೇಲಿನ ಮುಚ್ಚಳವನ್ನು ತೆಗೆದು ಇದ್ದಿಲನ್ನು ತುಂಬಿ, ಕೆಳಗೆ ಬೆಂಕಿಯನ್ನು ಹೊತ್ತಿಸಿ, ಗಾಳಿಯನ್ನು ಮಿತವಾಗಿ ಮಾತ್ರ ಒಳಬಿಟ್ಟರೆ ಇದ್ದಿಲು ಪೂರ್ಣವಾಗಿ ಸುಡದೆ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯುವ ಅನಿಲವೂ, ಗಾಳಿಯ ತೇವದಿಂದ ಸ್ವಲ್ಪ ಜಲಜನಕವೂ ಹುಟ್ಟುವುವು. ಈ ಅನಿಲವನ್ನು ತಣಿಸಿ, ಬೂದಿ ಮಸಿಗಳನ್ನು ಸೋಸಿ, ಕೊಳವೆಯ ಮೂಲಕ ಎಂಜಿನ್ನಿಗೆ ಉಣಿಸಬೇಕು. ಆದರೆ ಒಳಬಂದ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಉರಿಯದ ಸಾರಜನಕವೇ ಆದುದರಿಂದ, ಹುಟ್ಟಿದ ಅನಿಲದಲ್ಲಿಯೂ ಅರ್ಧಕ್ಕಿಂತ ಹೆಚ್ಚಿನ ಭಾಗವು ಅದೇ ಆಗಿ, ಪೆಟ್ರೋಲಿಗೆಂದು ನಿರ್ಮಿತವಾದ ಎಂಜಿನ್ನು ತನ್ನ ಬಲದ ಮೂರನೆಯ ಒಂದು ಪಾಲನ್ನೋ, ಕೆಲವೊಮ್ಮೆ ಅರ್ಧವನ್ನೋ ಕಳೆದುಕೊಳ್ಳುತ್ತಿತ್ತು. ಬಯಲುಸೀಮೆಯಲ್ಲಿ ಇದು ವೇಗದ ಕುಂದು ಮಾತ್ರ. ಘಟ್ಟದಲ್ಲಿ ಇದು ನಡೆಯುವುದೋ ನಿಲ್ಲುವುದೋ ಎಂಬ ಪ್ರಶ್ನೆ. ಕಡಿದಾದ ತಿರುವಿನಲ್ಲಿ ಪ್ರಯಾಣಿಕರು ಇಳಿದು ನಡೆಯುವುದೂ, ಹಿಂದಿನಿಂದ ಕೈಗೊಡುವುದೂ, ಚಕ್ರ ಹಿಂದುರುಳದಂತೆ ಕಲ್ಲೊಡ್ಡುವುದೂ ಅಂದಿನ ಪ್ರಯಾಣದ ಸಹಜವಾದ ಅಂಗಗಳಾಗಿದ್ದವು.

ಈ ಯಂತ್ರದ ಮುಖ್ಯವಾದ ಹೊರೆಯನ್ನು ಹೊತ್ತವನು ಬಸ್ಸಿನ ಕ್ಲೀನರು. ಬೆಳಗಿನ ಮೊದಲ ಬಸ್ಸು ಹೊರಡುವುದಕ್ಕೆ ಬಹು ಮುಂಚೆಯೇ ಎದ್ದು, ನಿನ್ನೆಯ ಬೂದಿಯನ್ನೂ ಕರಗಿ ಗಟ್ಟಿಯಾದ ಕಿಟ್ಟವನ್ನೂ ಕೆದಕಿ ತೆಗೆದು, ಹೊಸ ಇದ್ದಿಲು ತುಂಬಿ, ಒಲೆಗೆ ಗಾಳಿಯೂದುವ ಫ್ಯಾನಿನ ಹಿಡಿಯನ್ನು ಕೈಯಿಂದ ತಿರುಗಿಸುತ್ತ ಕೆಂಡವು ನಿಗಿನಿಗಿಯಾಗುವವರೆಗೆ ಅವನು ನಿಲ್ಲಬೇಕಾಗಿದ್ದಿತು. ಕೊಡವಿದಾಗಲೆಲ್ಲ ಮುಖಕ್ಕೆ ಮಸಿ, ಎದೆಗೆ ಹೊಗೆ. ಅದಕ್ಕೂ ಮಿಗಿಲಾಗಿ, ಯಾವ ಅನಿಲವು ಬಸ್ಸನ್ನೋಡಿಸುತ್ತಿತ್ತೋ ಅದು ಬಣ್ಣವೂ ವಾಸನೆಯೂ ಇಲ್ಲದ ವಿಷ; ಮುಚ್ಚಿದ ಕೊಟ್ಟಿಗೆಯಲ್ಲಿ ಸೋರಿದರೆ ತಲೆನೋವಿನಿಂದಾರಂಭವಾಗಿ ಪ್ರಾಣಾಂತಿಕವಾಗಬಲ್ಲುದು. ಪೆಟ್ರೋಲು ಉಳಿಯಿತೆಂದು ಲೆಕ್ಕ ಬರೆದವರ ಪುಸ್ತಕದಲ್ಲಿ ಈ ಹುಡುಗನ ಶ್ವಾಸಕೋಶಕ್ಕೆ ಕಾಲಮ್ಮು ಇರಲಿಲ್ಲ.

ಕಾಡಿಗೂ ಕಾಲಮ್ಮು ಇರಲಿಲ್ಲ. ಹಳ್ಳಿಯ ಮಣ್ಣುಗೂಡಿನಲ್ಲಿ ಒಂದು ಕಿಲೋ ಇದ್ದಿಲನ್ನು ಸುಟ್ಟು ತೆಗೆಯಲು ಐದಾರು ಕಿಲೋ ಕಟ್ಟಿಗೆ ಬೇಕು. ಮೈಸೂರು ಸಂಸ್ಥಾನದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಇದ್ದಿಲಿನ ಕುಲುಮೆಯಿಂದಲೇ ಕೆಲಸವನ್ನಾರಂಭಿಸಿದ್ದರಿಂದ ಮಲೆನಾಡಿನ ಕಾಡಿಗೆ ಇದ್ದಿಲಿನ ಹಸಿವು ಹೊಸದಾಗಿರಲಿಲ್ಲ. ಯುದ್ಧವು ಆ ಹಸಿವಿಗೆ ರಸ್ತೆಯ ವಾಹನಗಳನ್ನೂ ಸೇರಿಸಿತು. ಬಸ್ಸಿನ ಹಿಂದೆ ಕಾಣುವ ಹೊಗೆಯನ್ನಷ್ಟೇ ನೋಡಿ ಇಂಧನದ ಗುಣವನ್ನು ನಿರ್ಣಯಿಸಲಾಗದೆಂಬ ಪಾಠವನ್ನು ಕಲಿಸಲು ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ. ಅದರ ಹುಟ್ಟು ಎಲ್ಲಿ, ಅದನ್ನು ಹೊರುವವರಾರು, ಅದರ ಬೇನೆ ಯಾರ ಪಾಲಿಗೆ ಎಂಬುದನ್ನೆಲ್ಲ ಕೇಳಿದ ಮೇಲೆಯೇ ಅದು ಶುದ್ಧವೋ ಅಲ್ಲವೋ ಎಂದು ಹೇಳಬಹುದು.

ಯುದ್ಧ ಮುಗಿದು ಪೆಟ್ರೋಲು ಮತ್ತೆ ದೊರೆತೊಡನೆ ಈ ಉರುಳೆಗಳನ್ನೆಲ್ಲ ಕಳಚಿ ಗುಜರಿಗೆ ಹಾಕಿದರು. ಅನುಭವವನ್ನೂ ಅದರೊಡನೆ ಎಸೆದರೆಂದು ನಾನು ವಿಷಾದಿಸುತ್ತೇನೆ. 1947ರಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ನಾಲ್ಕು ಚಕ್ರಕ್ಕೂ ಬಲವನ್ನುಣಿಸುವ ಆ ವಾಹನವು ಕೆಸರು ಕಲ್ಲುಗಳ ತೋಟದ ದಾರಿಗೆ ತಕ್ಕುದಾಗಿ ಕೊಡಗಿನ ಮನೆಮಾತಾಯಿತು. 1951ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಮೈಕೋ ಸಂಸ್ಥೆಯು ಡೀಸೆಲ್ ಎಂಜಿನ್ನಿನ ಇಂಧನೋಪಕರಣಗಳನ್ನು ಈ ನಾಡಿನಲ್ಲೇ ನಿರ್ಮಿಸಿದ್ದು ಡೀಸೆಲಿನ ಪ್ರಸಾರಕ್ಕೆ ಬೆಂಬಲವಾಯಿತು. ನಿಧಾನಗತಿಯಲ್ಲಿಯೂ ಬಲವಾಗಿ ಎಳೆಯಬಲ್ಲ ಡೀಸೆಲು, ಬೆಲೆಯಲ್ಲಿಯೂ ಪೆಟ್ರೋಲಿಗಿಂತ ಅಗ್ಗವಾಗಿದ್ದುದರಿಂದ, ಬಾಡಿಗೆ ಓಡಿಸುವವರ ಸಹಜವಾದ ಆಯ್ಕೆಯಾಯಿತು. ಇದಕ್ಕಾಗಿ ಚಾಲಕರನ್ನು ದೂರುವುದು ನ್ಯಾಯವಲ್ಲ. ಘಟ್ಟವೂ ಸರಕಾರದ ಬೆಲೆನೀತಿಯೂ ಕೂಡಿ ಅವರ ಕೈಗೆ ಡೀಸೆಲನ್ನಿತ್ತವು. ಅಲ್ಲದೆ, ಡೀಸೆಲಿನ ಹೊಗೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗವು ನಿಶ್ಚಯವಾಗಿ ಘೋಷಿಸಿದ್ದು 2012ರಲ್ಲಿ.

ನಗರಗಳಲ್ಲಿ ಬದಲಾವಣೆಯು ನ್ಯಾಯಾಲಯದಿಂದಲೂ ಕಾನೂನಿನಿಂದಲೂ ಬಂದಿತು. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1998ರ ಜುಲೈಯಲ್ಲಿ ದೆಹಲಿಯ ಬಸ್ಸುಗಳು ಸಾಂದ್ರೀಕೃತ ನೈಸರ್ಗಿಕ ಅನಿಲಕ್ಕೆ, ಎಂದರೆ ಸಿಎನ್‌ಜಿಗೆ, ಪರಿವರ್ತಿತವಾಗಬೇಕೆಂದು ವಿಧಿಸಿತು. ಹಳೆಯ ಟ್ಯಾಕ್ಸಿ ಆಟೋಗಳಿಗೂ ಅದೇ ಗತಿಯಾಯಿತು. ದೇಶದಲ್ಲೆಲ್ಲ ಸೀಸಬೆರೆತ ಪೆಟ್ರೋಲಿನ ಮಾರಾಟವು 2000ದ ಫೆಬ್ರವರಿಯಲ್ಲಿ ನಿಂತಿತು. ಬೆಂಗಳೂರಿನ ಆಟೋಗಳು ಮುಂದಿನ ವರ್ಷಗಳಲ್ಲಿ ಎಲ್‌ಪಿಜಿಯನ್ನು ಅಳವಡಿಸಿಕೊಂಡವು. 2013ರಲ್ಲಿ ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲದ ಕೊಳವೆಮಾರ್ಗವು ಬಂದ ಮೇಲೆ ಸಿಎನ್‌ಜಿಯ ಬಂಕುಗಳೂ ಕ್ರಮೇಣ ತೆರೆದವು. ಈ ಅನಿಲಗಳಿಂದ ಮಸಿಯು ಬಹುಮಟ್ಟಿಗೆ ಅಡಗಿದ್ದು ಸತ್ಯವಾದರೂ, ಭೂಗರ್ಭದಿಂದ ತೆಗೆದು ದೂರದಿಂದ ತರುವ ಇಂಧನಗಳೇ ಇವೂ ಆದುದರಿಂದ ಬರ್ಮಾದ ಕಾಲದ ಪರಾಧೀನತೆಯು ಇವುಗಳಿಂದ ತೊಲಗಲಿಲ್ಲ.

ಇತ್ತ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಗ್ರಾಮೀಣ ತಂತ್ರಜ್ಞಾನಕ್ಕೆಂದು 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ಸುತ್ತಮುತ್ತಲಿನ ವಿಜ್ಞಾನಿಗಳು, ಗುಜರಿಗೆ ಹೋದ ಆ ಹಳೆಯ ತತ್ತ್ವವನ್ನೇ ಶೋಧಿಸಿ ತಿದ್ದಿದರು. 1988ರಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲದಿಂದ ಊರಿಗೆ ದೀಪವನ್ನೂ ನೀರನ್ನೂ ಒದಗಿಸುವ ಯಂತ್ರವು ನಡೆಯಿತು. ಅದಕ್ಕೆ ಬೇಕಾದ ಸೌದೆಗಾಗಿ ಪ್ರತ್ಯೇಕವಾದ ನೆಡುತೋಪನ್ನೇ ಬೆಳೆಸಿದರು. ಇಂಧನದ ಜತೆಗೇ ಅದರ ಮೂಲವನ್ನೂ ಬೆಳೆಸಬೇಕೆಂಬ ಈ ವಿವೇಕವು ಯುದ್ಧಕಾಲದಲ್ಲಿ ಇದ್ದಿದ್ದರೆ ಎಷ್ಟೋ ಕಾಡು ಉಳಿಯುತ್ತಿತ್ತು.

ಈಗ ವಿದ್ಯುತ್ತಿನ ಸರದಿ. 2001ರಲ್ಲಿ ಬೆಂಗಳೂರಿನಲ್ಲಿ ‘ರೇವಾ’ ಎಂಬ ಕಿರುಗಾತ್ರದ ವಿದ್ಯುತ್ಕಾರು ಮಾರುಕಟ್ಟೆಗೆ ಬಂದಿತು. 2017ರಲ್ಲಿ ಕರ್ನಾಟಕವು ದೇಶದಲ್ಲೇ ಮೊದಲಾಗಿ ವಿದ್ಯುದ್ವಾಹನಗಳಿಗೆ ಒಂದು ನೀತಿಯನ್ನು ರೂಪಿಸಿತು. 2023ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮದ ವಿದ್ಯುತ್ ಬಸ್ಸುಗಳು ಬೆಂಗಳೂರಿನಿಂದ ಮಡಿಕೇರಿಗೂ ಓಡಲಾರಂಭಿಸಿದವು. ಘಟ್ಟದ ಪರೀಕ್ಷೆಯಲ್ಲಿ ಈ ಇಂಧನಕ್ಕೆ ಹಿಂದಿನ ಯಾವುದಕ್ಕೂ ಇಲ್ಲದ ಒಂದು ಗುಣವುಂಟು. ಎರಡು ಟನ್ನಿನ ವಾಹನವೊಂದು ಸಂಪಾಜೆಯ ಬುಡದಿಂದ ಮಡಿಕೇರಿಯವರೆಗೆ ಸುಮಾರು 1000 ಮೀಟರ್ ಎತ್ತರವನ್ನೇರುವಾಗ, ಎತ್ತರಕ್ಕೆಂದೇ ವ್ಯಯಿಸುವ ಶಕ್ತಿಯು ಸುಮಾರು 5.4 ಯೂನಿಟ್. ಡೀಸೆಲ್ ಜೀಪು ಇಳಿಯುವಾಗ ಈ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ವ್ಯರ್ಥವಾಗುತ್ತದೆ. ವಿದ್ಯುದ್ವಾಹನದಲ್ಲಿ ಅದೇ ಮೋಟಾರು ತಿರುಗುಮುರುಗಾಗಿ ಜನಕಯಂತ್ರವಾಗಿ ಅದರ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ಮರಳಿಸಬಲ್ಲುದು. ಬೆಳಿಗ್ಗೆ ಬೆಟ್ಟಕ್ಕೇರಿ ಮಧ್ಯಾಹ್ನ ಇಳಿಯುವುದೇ ವೃತ್ತಿಯಾಗಿರುವ ಬಾಡಿಗೆ ಗಾಡಿಗೆ ಇದು ಸಣ್ಣ ಲಾಭವಲ್ಲ. ಅಲ್ಲದೆ, ತಲಕಾವೇರಿಯಲ್ಲಿ ಹುಟ್ಟಿದ ನದಿಯೇ 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ತಾಗಿ ಕೋಲಾರದ ಗಣಿಗೂ, 1905ರಲ್ಲಿ ಬೆಂಗಳೂರಿನ ಬೀದಿಗೂ ಹೋಯಿತು. ಕೊಡಗಿನ ಮಳೆಯಿಂದ ಪಡೆದ ವಿದ್ಯುತ್ತು ಕೊಡಗಿನ ಗಾಡಿಯನ್ನೋಡಿಸುವುದು ಅಸಂಭಾವ್ಯವೇನೂ ಅಲ್ಲ.

ಆದರೆ ಹಳೆಯ ಪ್ರಶ್ನೆಗಳನ್ನು ಇದಕ್ಕೂ ಕೇಳಲೇಬೇಕು. ಕಲ್ಲಿದ್ದಲನ್ನು ಸುಟ್ಟು ಪಡೆದ ವಿದ್ಯುತ್ತಾದರೆ ಹೊಗೆಯು ಗಾಳಿಬೀಡಿನಿಂದ ಉಷ್ಣವಿದ್ಯುತ್ ಸ್ಥಾವರವಿರುವ ರಾಯಚೂರಿಗೆ ವರ್ಗವಾದಂತಾಯಿತೇ ಹೊರತು ಅಳಿದಂತಾಗಲಿಲ್ಲ. ಮಳೆಗಾಲದಲ್ಲಿ ಮರವುರುಳಿ ತಂತಿ ಕಡಿದು ದಿನಗಟ್ಟಲೆ ಕತ್ತಲಾಗುವ ಊರುಗಳಲ್ಲಿ ಚಾರ್ಜಿನ ಭರವಸೆಯನ್ನು ಕೊಡುವವರಾರು? 2018ರ ಆಗಸ್ಟಿನಲ್ಲಿ ಗಾಳಿಬೀಡು, ಮಕ್ಕಂದೂರು, ಮುಕ್ಕೋಡ್ಲು, ಮೊಣ್ಣಂಗೇರಿಗಳ ಗುಡ್ಡಗಳು ಕುಸಿದು ಸಂಪಾಜೆಯ ಹೆದ್ದಾರಿಯೇ ಮುಚ್ಚಿಹೋದುದನ್ನು ಕಂಡ ಮೇಲೂ, ಬೆಟ್ಟವನ್ನು ಕಡಿಯುವ ರಸ್ತೆಯನ್ನೂ ಬೆಟ್ಟವನ್ನು ತುಳಿಯುವ ವಾಹನಸಂಖ್ಯೆಯನ್ನೂ ಬಿಟ್ಟು ಇಂಧನವೊಂದನ್ನೇ ಚರ್ಚಿಸುವುದು ತರವೇ? ವೃತ್ತಿಯವರ ಕ್ಷೇಮವಾದರೂ ಅಷ್ಟೇ ಮುಖ್ಯವಾದುದು. ದೆಹಲಿ ಬೆಂಗಳೂರುಗಳಲ್ಲಿ ವಿದ್ಯುತ್ ಟ್ಯಾಕ್ಸಿಗಳನ್ನೇ ಓಡಿಸುತ್ತಿದ್ದ ಬ್ಲೂಸ್ಮಾರ್ಟ್ ಸಂಸ್ಥೆಯು 2025ರ ಏಪ್ರಿಲಿನಲ್ಲಿ ಹಠಾತ್ತಾಗಿ ಸೇವೆಯನ್ನು ನಿಲ್ಲಿಸಿದಾಗ, ಗಾಡಿಯ ಒಡೆತನವಿಲ್ಲದ ಚಾಲಕರು ಬರಿಗೈಯಲ್ಲಿ ಮನೆಗೆ ಹೋಗಬೇಕಾಯಿತು.

ಆದುದರಿಂದ ಮಾಂದಲಪಟ್ಟಿಯ ಜೀಪುಗಳಿಗೂ ಮಹಾನಗರದ ಟ್ಯಾಕ್ಸಿಗಳಿಗೂ ನಾನು ಒಂದೇ ಮಾತನ್ನು ಬಯಸುತ್ತೇನೆ. ಹೊಸ ಇಂಧನವು ಆಜ್ಞೆಯಾಗಿ ಮೇಲಿನಿಂದ ಬೀಳದೆ, ಸಾಲದ ನೆರವು, ಚಾರ್ಜಿನ ಕೇಂದ್ರ, ದುರಸ್ತಿಯ ಕೌಶಲ್ಯ, ಬೆಟ್ಟಕ್ಕೆ ದಿನಕ್ಕಿಷ್ಟೇ ವಾಹನವೆಂಬ ಮಿತಿ ಇವುಗಳೊಡನೆ ಕೂಡಿ ಬರಲಿ. ಗಾಡಿಯು ಓಡಿಸುವವನ ಹೆಸರಿನಲ್ಲೇ ಉಳಿಯಲಿ. ಬದಲಾವಣೆಯು ಬರಲೇಬೇಕು, ಬೇಗನೆ ಬರಬೇಕು. ಆದರೆ ಯುದ್ಧಕಾಲದಲ್ಲಿ ಕ್ಲೀನರ ಎದೆಯ ಮೇಲೂ ಕಾಡಿನ ಬೆನ್ನ ಮೇಲೂ ಹೇರಿದ ವೆಚ್ಚವನ್ನು ಈ ಸಲ ಸಮಾಜವೆಲ್ಲ ಹಂಚಿಕೊಂಡು ತೆರಬೇಕು.