ಹೆರಿಗೆ ಕಡಿಮೆಯಾಯಿತು, ಹೆಣ್ಣಿನ ಮಾತು ಹೆಚ್ಚಾಯಿತೆ?

ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಎರಡನೆಯ ಬಾಣಂತನ ಮುಗಿಯುವ ಹೊತ್ತಿಗೆ ಮನೆಯವರು ಕೇಳುವ ಪ್ರಶ್ನೆ ಒಂದೇ: ಆಪರೇಷನ್ ಯಾವಾಗ? ಕೇಳುವುದು ತಾಯಿಯನ್ನು. ಗಂಡನ ಆಪರೇಷನ್ ಮಾತು ಏಳುವುದೇ ಅಪರೂಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದನ್ನೇ ಹೇಳುತ್ತದೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪ್ರಮಾಣ ಸೊನ್ನೆಯ ಆಸುಪಾಸು. ಇದೇ ಸಮೀಕ್ಷೆಯ 1992–93ರ ಮೊದಲ ಸುತ್ತಿನಲ್ಲಿ ರಾಜ್ಯದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ, 2.85 ಇತ್ತು. 2019–21ರ ಸುತ್ತಿನಲ್ಲಿ ಅದು 1.7. ಈ ಇಳಿಕೆಯನ್ನು ಹೆಣ್ಣಿನ ಸ್ಥಾನಮಾನ ಏರಿದ್ದಕ್ಕೆ ಸಾಕ್ಷಿ ಎನ್ನಬಹುದೆ? ಜನಸಂಖ್ಯಾ ಅಧ್ಯಯನ ದಶಕಗಳಿಂದ ಈ ಪ್ರಶ್ನೆಯ ಸುತ್ತ ಓಡಾಡುತ್ತಿದೆ, ಅದರ ಹಲವು ಮುಖ್ಯ ಪಾಠಗಳು ಸಿಕ್ಕಿದ್ದು ಕನ್ನಡ ನೆಲದಲ್ಲೇ.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. 1950ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜತೆಗೂಡಿ ಅದೇ ರಾಜ್ಯದಲ್ಲಿ ಜನಸಂಖ್ಯಾ ಅಧ್ಯಯನ ನಡೆಸಿದವು. ವರದಿ 1961ರಲ್ಲಿ ಹೊರಬಂತು. ಎಷ್ಟು ಮಕ್ಕಳು, ಇನ್ನು ಬೇಕೆ, ತಡೆಯುವ ಉಪಾಯ ಗೊತ್ತೆ ಎಂಬಂಥ ಪ್ರಶ್ನೆಗಳ ಕಾಲ ಅದು. ಮಹಿಳೆ ಉತ್ತರ ಕೊಡುವವಳಾಗಿದ್ದಳು; ಮನೆಯಲ್ಲಿ ಅವಳ ಮಾತಿಗೆ ಎಷ್ಟು ಬೆಲೆ ಎಂಬುದು ಇನ್ನೂ ಅಧ್ಯಯನದ ವಿಷಯವಾಗಿರಲಿಲ್ಲ. 1956ರಲ್ಲಿ ಸಮಾಜಶಾಸ್ತ್ರಜ್ಞರಾದ ಕಿಂಗ್ಸ್ಲಿ ಡೇವಿಸ್ ಮತ್ತು ಜ್ಯುಡಿತ್ ಬ್ಲೇಕ್ ಒಂದು ಚೌಕಟ್ಟು ಕೊಟ್ಟರು. ಬಡತನವಾಗಲಿ ಓದಾಗಲಿ ನೇರವಾಗಿ ಮಗುವಿನ ಸಂಖ್ಯೆಯನ್ನು ತೀರ್ಮಾನಿಸುವುದಿಲ್ಲ. ಮದುವೆಯ ವಯಸ್ಸು, ಗರ್ಭನಿರೋಧ, ಗರ್ಭಪಾತ ಇಂಥ ಬಾಗಿಲುಗಳ ಮೂಲಕವೇ ಅವು ಒಳಬರಬೇಕು ಎಂಬುದು ಅವರ ವಾದ. ಬಾಗಲಕೋಟೆಯನ್ನು ಅರ್ಥಮಾಡಿಕೊಳ್ಳಲು ಇಂದಿಗೂ ಇದಕ್ಕಿಂತ ಒಳ್ಳೆಯ ಕೀಲಿಯಿಲ್ಲ ಎಂಬುದು ನನ್ನ ನಂಬಿಕೆ. ಯಾವ ಬಾಗಿಲು ತೆರೆಯಿತು, ಯಾವುದು ತೆರೆಯಲಿಲ್ಲ ಎಂದು ಅದು ಬಿಡಿಸಿ ತೋರಿಸುತ್ತದೆ.

ಅಂಕಿಗಳಾಚೆಗೆ ಹೋಗಿ ಹಳ್ಳಿಯಲ್ಲೇ ಕೂತು ಕೇಳುವ ಪದ್ಧತಿ ಬಲಗೊಂಡಿದ್ದು ಜನಸಂಖ್ಯಾ ಅಧ್ಯಯನಕಾರರಾದ ಜಾನ್ ಕಾಲ್ಡ್‌ವೆಲ್, ಪಿ. ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅವರಿಂದ. 1970ರ ದಶಕದ ಕೊನೆಯಿಂದ ಅವರು ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಪುಸ್ತಕ ಬಂದದ್ದು 1988ರಲ್ಲಿ. ದುಡಿಮೆ, ಗಳಿಕೆ, ಆಸರೆ ಇವೆಲ್ಲ ಮಕ್ಕಳಿಂದ ಹಿರಿಯರ ಕಡೆಗೆ ಹರಿಯುವಷ್ಟು ಕಾಲ ಹೆಚ್ಚು ಮಕ್ಕಳು ಲಾಭ. ಶಾಲೆ ಬಂದು ಆ ಹರಿವನ್ನು ತಿರುಗಿಸಿದಾಗ ಮಕ್ಕಳು ಖರ್ಚು. ಇದು ಕಾಲ್ಡ್‌ವೆಲ್ ಮೊದಲೇ ಮಂಡಿಸಿದ್ದ ಸಿದ್ಧಾಂತ. ಇಲ್ಲಿ ಅವರು ಮದುವೆಯ ಬದಲಾವಣೆಯನ್ನೂ ಹತ್ತಿರದಿಂದ ನೋಡಿದರು. ತೆರ ಕೊಟ್ಟು ಹೆಣ್ಣು ತರುತ್ತಿದ್ದ ಮನೆತನಗಳು ವರದಕ್ಷಿಣೆ ಕೇಳತೊಡಗಿದ್ದು, ಹುಡುಗಿಯರ ಮದುವೆ ತಡವಾಗತೊಡಗಿದ್ದು ಒಂದೇ ಕಾಲದಲ್ಲಿ. ಅಂದರೆ ಮದುವೆ ವಯಸ್ಸು ಏರಿದ ಮಾತ್ರಕ್ಕೆ ಹೆಣ್ಣಿನ ಬೆಲೆ ಏರಿತು ಎನ್ನುವಂತಿರಲಿಲ್ಲ. ಈ ಎಚ್ಚರ ಮುಂದಿನ ಹಲವು ಬರಹಗಳಲ್ಲಿ ಕಳೆದುಹೋಯಿತು, ಅದು ನಷ್ಟ.

1983ರಲ್ಲಿ ಟಿಮ್ ಡೈಸನ್ ಮತ್ತು ಮಿಕ್ ಮೂರ್ ಭಾರತವನ್ನು ಉತ್ತರ ಮತ್ತು ದಕ್ಷಿಣ ಎಂದು ಇಬ್ಭಾಗ ಮಾಡಿ ಓದಿದರು. ಉತ್ತರದಲ್ಲಿ ಹುಡುಗಿಯನ್ನು ದೂರದ, ಗುರುತಿಲ್ಲದ ಊರಿಗೆ ಕೊಡುತ್ತಾರೆ. ದಕ್ಷಿಣದಲ್ಲಿ ಸಂಬಂಧದೊಳಗೇ ಮದುವೆ. ತವರು ಹತ್ತಿರ, ಅತ್ತೆಯೂ ಬಳಗದವಳೇ. ಹಾಗಾಗಿ ಮಹಿಳೆಗೆ ಸ್ವಾತಂತ್ರ್ಯ ಹೆಚ್ಚು, ಮಕ್ಕಳು ಕಡಿಮೆ ಎಂಬುದು ಅವರ ವಾದ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ನಮ್ಮ ಭಾಗಕ್ಕೆ ಇದು ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಇಲ್ಲಿ ಬದುಕಿದವರಿಗೆ ಇನ್ನೊಂದು ಮಗ್ಗುಲೂ ಗೊತ್ತು. ವರ ಮನೆಯೊಳಗೇ ಇದ್ದಾಗ ಕಾಯುವ ಕಾರಣವೇ ಇಲ್ಲ. ಅಜ್ಜಿ ಕಣ್ಣು ಮುಚ್ಚುವ ಮೊದಲು ಮುಗಿಸಿಬಿಡೋಣ ಎಂದು ಹದಿನಾರಕ್ಕೇ ಅಕ್ಷತೆ ಬೀಳುತ್ತದೆ. ಬಾದಾಮಿ, ಹುನಗುಂದದ ಕಡೆಯಿಂದ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವ ಕುಟುಂಬಕ್ಕಂತೂ ಬೆಳೆದ ಮಗಳನ್ನು ಊರಲ್ಲಿ ಬಿಟ್ಟುಹೋಗುವ ಭಯವೂ ಸೇರುತ್ತದೆ. 2004ರಲ್ಲಿ ಲುಪಿನ್ ರೆಹಮಾನ್ ಮತ್ತು ವಿಜಯೇಂದ್ರ ರಾವ್ ಕರ್ನಾಟಕ ಹಾಗೂ ಉತ್ತರ ಪ್ರದೇಶದ ಹಳ್ಳಿಗಳ ಹೊಸ ಮಾಹಿತಿಯಿಂದ ಡೈಸನ್–ಮೂರ್ ವಾದವನ್ನು ಪರೀಕ್ಷಿಸಿ, ಬಳಗದ ರಚನೆಯೊಂದೇ ಅಂತರವನ್ನು ವಿವರಿಸಲಾರದು, ಆರ್ಥಿಕ ಸ್ಥಿತಿ ಮತ್ತು ಸರ್ಕಾರದ ಕೆಲಸಕ್ಕೂ ದೊಡ್ಡ ಪಾಲಿದೆ ಎಂದರು.

ದುಡಿಮೆಯ ವಿಷಯದಲ್ಲಿ ಮೊದಲ ಊಹೆ ಬಹಳ ಸರಳವಾಗಿತ್ತು: ಹೆಣ್ಣು ಕೆಲಸಕ್ಕೆ ಹೋದರೆ ಹೆರಿಗೆ ಕಡಿಮೆ. ಎಂತಹ ಕೆಲಸ, ಕೂಲಿ ಯಾರ ಕೈಗೆ ಎಂದು ಕೇಳಿದಾಗ ಆ ಊಹೆ ಕುಸಿಯಿತು. ಇಳಕಲ್ಲಿನ ಮಗ್ಗದ ಮನೆ ನೋಡಿ. ನೂಲು ತೋಡುವವಳು, ಕಂಡಿಕೆ ಸುತ್ತುವವಳು ಹೆಚ್ಚಾಗಿ ಹೆಂಗಸು. ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ಸಾಗುವ ಕೆಲಸವದು, ಹೆರಿಗೆಗೆ ಅಡ್ಡಿಯಾಗುವುದಿಲ್ಲ. ಸೀರೆಗೆ ಸಿಗುವ ಮಜೂರಿಯಲ್ಲಿ ಅವಳ ಪಾಲಿಗೆ ಬೇರೆ ಲೆಕ್ಕವೂ ಇರುವುದಿಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಸಿಕ್ಕಿತು; ಕಂಡಿಕೆ ಸುತ್ತಿದ ಕೈಗೆ ನೇಕಾರ ಎಂಬ ಹೆಸರೂ ಸಲೀಸಾಗಿ ಸಿಗಲಿಲ್ಲ. ಆಂಧ್ರದ ನರಸಾಪುರದ ಲೇಸ್ ಹೆಣೆಯುವ ಮಹಿಳೆಯರ ಬಗ್ಗೆ ಮರಿಯಾ ಮೀಸ್ 1982ರಲ್ಲಿ ಬರೆದ ಪುಸ್ತಕ ಇಂಥದ್ದೇ ಕಾಣದ ದುಡಿಮೆಯದು.

ಓದಿನ ಕಥೆಯೂ ನೇರವಲ್ಲ. ಸೂಸನ್ ಕಾಕ್ರನ್ 1979ರಲ್ಲೇ ಅಲ್ಪಸ್ವಲ್ಪ ಶಾಲೆಯಿಂದ ಎಲ್ಲೆಡೆ ಜನನ ಇಳಿಯುವುದಿಲ್ಲ ಎಂದು ತೋರಿಸಿದ್ದರು. ಶಿರೀನ್ ಜೆಜೀಭಾಯ್ 1995ರಲ್ಲಿ ಅನೇಕ ದೇಶಗಳ ಅಧ್ಯಯನಗಳನ್ನು ಜಾಲಾಡಿ, ಓದು ಫಲ ಕೊಡುವುದು ಸಮಾಜ ಮಹಿಳೆಗೆ ಎಷ್ಟು ಜಾಗ ಬಿಟ್ಟಿದೆ ಎಂಬುದರ ಮೇಲೆ ನಿಂತಿದೆ ಎಂದರು. ಅಷ್ಟರಲ್ಲಿ 1994ರಲ್ಲಿ ಕೈರೋದಲ್ಲಿ ನಡೆದ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನ ಗುರಿಯನ್ನೇ ಬದಲಿಸಿತ್ತು: ಜನಸಂಖ್ಯೆ ಇಳಿಸಲು ಮಹಿಳೆಯ ಸಬಲೀಕರಣ ಎನ್ನುವ ಬದಲು, ಆ ಸಬಲೀಕರಣವೇ ಗುರಿ. ನಮ್ಮಲ್ಲಿ ಅದಕ್ಕೂ ಐದು ವರ್ಷ ಮೊದಲೇ, 1989ರಲ್ಲಿ, ಹಳ್ಳಿಯ ಮಹಿಳೆಯರ ಶಿಕ್ಷಣ, ಸಬಲೀಕರಣದ ಸರ್ಕಾರಿ ಕಾರ್ಯಕ್ರಮ ಮಹಿಳಾ ಸಮಖ್ಯ ಆರಂಭವಾದ ಜಿಲ್ಲೆಗಳಲ್ಲಿ ಅವಿಭಜಿತ ವಿಜಾಪುರವೂ (ಈಗ ವಿಜಯಪುರ) ಇತ್ತು. ಬಾಗಲಕೋಟೆ ಅದರಿಂದ ಬೇರೆಯಾದದ್ದು 1997ರಲ್ಲಿ.

ಹೆಣ್ಣಿನ ಸ್ಥಾನ ಏರಿದರೆ ಜನನ ಇಳಿಯುತ್ತದೆ ಎಂಬ ಹಳೆಯ ಸಮೀಕರಣವನ್ನು ಕೊನೆಗೆ ಮುರಿದದ್ದು ಬಾಂಗ್ಲಾದೇಶ ಮತ್ತು ದಕ್ಷಿಣ ಭಾರತದ ಕೆಲವು ಭಾಗಗಳ ಅನುಭವ. ಎರಡೂ ಕಡೆ ಹುಡುಗಿಯರ ಮದುವೆ ಬೇಗ, ಆದರೂ ಜನನ ಇಳಿಯಿತು. ಆಂಧ್ರದ ಬಗ್ಗೆ ಪದ್ಮದಾಸ್, ಹಟರ್ ಮತ್ತು ವಿಲ್ಲೆಕೆನ್ಸ್ 2004ರಲ್ಲಿ ವಿವರಿಸಿದಂತೆ, ಹೆರುವ ಅವಧಿಯೇ ಕುಗ್ಗಿಹೋಯಿತು: ಬೇಗ ಮದುವೆ, ಬೆನ್ನುಬೆನ್ನಿಗೆ ಹೆರಿಗೆ, ಇಪ್ಪತ್ತರ ಹರೆಯದಲ್ಲೇ ಆಪರೇಷನ್. ನಮ್ಮ ಭಾಗದ ಚಿತ್ರವೂ ಇದೇ. ಡೇವಿಸ್–ಬ್ಲೇಕ್ ಹೇಳಿದ ಬಾಗಿಲುಗಳಲ್ಲಿ ಒಂದೇ ತೆರೆದುಕೊಂಡಿತು, ಅದೂ ಆಸ್ಪತ್ರೆಯ ಬಾಗಿಲು. ಕರ್ನಾಟಕದ 20ರಿಂದ 24ರ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು 2019–21ರ ಸಮೀಕ್ಷೆಯಲ್ಲೂ ನೂರಕ್ಕೆ 21.

ಮದುವೆಯ ಬಾಗಿಲನ್ನೇ ತಟ್ಟಿದ ಪ್ರಯತ್ನ ‘ಸಮತಾ’. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳನ್ನು ಆರಿಸಿ, ಅವುಗಳ ಪೈಕಿ ಅರ್ಧದಷ್ಟರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಪ್ರೌಢಶಾಲೆ ಮುಗಿಸುವಂತೆ, ಬೇಗ ಮದುವೆಯಾಗದಂತೆ ಮಾಡಲು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಅದನ್ನು ನಡೆಸಿತು. ಕಾರ್ಯಕ್ರಮವಿದ್ದ ಹಳ್ಳಿಗಳಿಗೂ ಇಲ್ಲದವಕ್ಕೂ ಒಟ್ಟಾರೆಯಾಗಿ ದೊಡ್ಡ ಅಂತರ ಕಾಣಲಿಲ್ಲ. ಸುತ್ತಲ ಸಮಾಜವೇ ಆ ಹೊತ್ತಿಗೆ ಬದಲಾಗುತ್ತಿತ್ತು. ಇದನ್ನು ಸೋಲೆಂದು ಬದಿಗಿಡುವುದು ತಪ್ಪು. ಒಂದು ಯೋಜನೆಯ ಕೆಲಸ ಯಾವುದು, ಕಾಲದ ಕೆಲಸ ಯಾವುದು ಎಂದು ಬೇರ್ಪಡಿಸುವ ಕಷ್ಟವನ್ನು ಅದು ಮರೆಮಾಚದೆ ತೋರಿಸಿತು.

ಆಸ್ತಿಯ ಕಡೆಯಿಂದ ಬಂದ ಸಾಕ್ಷ್ಯ ಇದಕ್ಕಿಂತ ಗಟ್ಟಿ. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಕರ್ನಾಟಕ ಮತ್ತು ಮಹಾರಾಷ್ಟ್ರದ ಕುಟುಂಬಗಳನ್ನು ಪರಿಶೀಲಿಸಿದ ಕ್ಲಾಸ್ ಡೈನಿಂಗರ್, ಅಪರಾಜಿತಾ ಗೋಯಲ್ ಮತ್ತು ಹರಿ ನಾಗರಾಜನ್ 2013ರಲ್ಲಿ ಹೀಗೆ ವರದಿ ಮಾಡಿದರು: ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಭೂಮಿ ಸಿಗುವ ಸಾಧ್ಯತೆ ಹೆಚ್ಚಿತು, ಮದುವೆಯ ವಯಸ್ಸೂ ಏರಿತು. ಹಾಗಾಗಿ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು, ಹೊಲ ಬಿಟ್ಟುಕೊಟ್ಟವರಿಗಾಗಿ ಎದ್ದ ಬಾಗಲಕೋಟೆಯ ನವನಗರದಲ್ಲಿ ಕುಟುಂಬದ ಸಮೀಕ್ಷೆಗೆ ಬರುವವರು ಮಕ್ಕಳ ಸಂಖ್ಯೆಯ ಜತೆಗೆ ನಿವೇಶನದ ಹಕ್ಕುಪತ್ರ ಯಾರ ಹೆಸರಿನಲ್ಲಿದೆ, ಆಪರೇಷನ್ ಆದಾಗ ನಿಮಗೆ ಎಷ್ಟು ವಯಸ್ಸು, ಬೇಡವೆನ್ನುವ ಅವಕಾಶವಿತ್ತೆ ಎಂದೂ ಮನೆಯ ಹೆಂಗಸನ್ನೇ ಕೇಳಬೇಕು.